ಅಬ್ಬಿ ಸೀಲು ಮಾಡಿಟ್ಟ ಅಪ್ಪಯ್ಯ

ನಮ್ಮ ಕಡೆಯವರು ಕಾಗದಪತ್ರ ತರುವ ಚೆಂದವನ್ನು ನೀವೊಮ್ಮೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ನೋಡಬೇಕು. ಬ್ರಹ್ಮಾವರದಲ್ಲಿ ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಲ್ಯಾಮಿನೇಶನ್ನೂ ಉಂಟು. ಬಂದವರು ಮೊದಲು ಜವಳಿ ಅಂಗಡಿಯ ಚೀಲ ಬಿಚ್ಚುತ್ತಾರೆ. ಅದರೊಳಗೆ ಸಕ್ಕರೆ ತಂದ ತೊಟ್ಟೆ. ನಾವು ಪ್ಲಾಸ್ಟಿಕ್ ಚೀಲಕ್ಕೆ ತೊಟ್ಟೆ ಎನ್ನುವವರು. ಆ ತೊಟ್ಟೆಯೊಳಗೆ ರಬ್ಬರ್ ಬ್ಯಾಂಡ್ ಸುತ್ತಿದ ಇನ್ನೊಂದು ತೊಟ್ಟೆ, ಅದರೊಳಗೆ ಮದುವೆ ಕಾಗದದ ಲಕೋಟೆ. ಅಷ್ಟು ಹೊತ್ತಿಗೆ ಹಿಂದೆ ನಿಂತವರು ಒಂದು ಚಾ ಕುಡಿದು ಬಂದಿರುತ್ತಾರೆ. ಕೊನೆಗೆ ಹೊರಬರುವುದು ಅಂಗೈಯಗಲದ ರೇಷನ್ ಕಾರ್ಡು.

ಒಮ್ಮೆ ಕೆರಾಡಿ ಕಡೆಯ ಹಿರಿಯರೊಬ್ಬರು ಬಾವಿ ಪಂಪಿಗೆ ಹಾಕುವಂಥ ಪೈಪಿನ ತುಂಡೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಎರಡೂ ತುದಿಗೆ ಮುಚ್ಚಳ ಬಡಿದಿತ್ತು. ಪಂಪು ರಿಪೇರಿಯ ಅಂಗಡಿ ಮುಂದೆ ಉಂಟು ಎಂದು ನಾನು ಕೈ ತೋರಿಸಿದರೆ ಅವರಿಗೆ ಸಿಟ್ಟೇ ಬಂತು.

"ಹ್ವಾಯ್, ಇದ್ರೊಳಗೆ ನಮ್ಮ ಜಾಗದ ನಕ್ಷಿ ಇತ್ತ್. ನಮ್ಮಲ್ಲಿ ಒರ್ಲಿ ಅಂದ್ರೆ ಅಂತಿಂಥ ಒರ್ಲಿ ಅಲ್ಲ. ಕಪಾಟಿಗೆ ಹತ್ತತ್ತ್, ಪೆಟ್ಟಿಗಿಗೆ ಹತ್ತತ್ತ್. ಪೈಪಿಗೆ ಮಾತ್ರ ಹತ್ತುದಿಲ್ಲೆ!"

ಮುಚ್ಚಳ ತೆಗೆಯಲು ಪಕ್ಕದ ಸೈಕಲ್ ಅಂಗಡಿಯ ಪಾನಾ ಬೇಕಾಯಿತು. ಸುರುಳಿಯಾಗಿಯೇ ವರ್ಷ ಕಳೆದ ನಕ್ಷೆ ಗಾಜಿನ ಮೇಲೆ ಮಲಗಲು ಒಪ್ಪಲಿಲ್ಲ. ಸರದಿಯಲ್ಲಿದ್ದ ನಾಲ್ವರು ನಾಲ್ಕು ಮೂಲೆ ಹಿಡಿದು ನಿಂತ ಮೇಲೆ ಪ್ರತಿ ಬಂತು. ಒರಲೆ, ಎಂದರೆ ಗೆದ್ದಲು, ಮಾತ್ರ ಒಂದು ಚುಕ್ಕಿ ಮುಟ್ಟಿರಲಿಲ್ಲ. ನನಗೆ ಆ ಪೈಪಿನ ಮೇಲೆ ಬಂದ ಗೌರವ ಇನ್ನೂ ಇಳಿದಿಲ್ಲ.

ಇವರನ್ನೆಲ್ಲ ನೋಡಿ ನಗುವ ಯೋಗ್ಯತೆ ನನಗಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕೋಟದ ಪಡುಕೆರೆಯ ಕಡಲ ಬದಿಯಲ್ಲಿ, ಇಂಥ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿದವಳ ಮಗನಾಗಿ. ಅವಳು ನನ್ನ ಅಬ್ಬಿ, ಎಂದರೆ ಅಮ್ಮ. ಒಣಮೀನು ಮಾಡಿ, ಪ್ಯಾಕೆಟ್ ಕಟ್ಟಿ ಸಂತೆಗೆ ಕಳಿಸುತ್ತಿದ್ದವಳು. ಅವಳ ಬಳಿ ಇದ್ದ ಯಂತ್ರವೆಂದರೆ ಒಂದು ಕ್ಯಾಂಡಲು ಮತ್ತು ಮುರಿದ ಗರಗಸದ ಬ್ಲೇಡು. ತೊಟ್ಟೆಯ ಬಾಯಿಯನ್ನು ಬ್ಲೇಡಿನ ಮೇಲೆ ಮಡಚಿ, ನೂಲಿನಷ್ಟು ಪ್ಲಾಸ್ಟಿಕ್ ಮಾತ್ರ ಹೊರಗೆ ಇಣುಕುವಂತೆ ಹಿಡಿದು, ಜ್ವಾಲೆಯ ಪಕ್ಕದಿಂದ ಒಂದೇ ಸಮನೆ ಎಳೆಯುವುದು. ನಿಧಾನವಾದರೆ ಪ್ಲಾಸ್ಟಿಕ್ ಕರಗಿ ತೂತು ಬೀಳುತ್ತದೆ, ಬೇಗವಾದರೆ ಅಂಟುವುದೇ ಇಲ್ಲ. ಎಳೆದಾದ ಮೇಲೆ ಪ್ಯಾಕೆಟನ್ನು ಕಿವಿಯ ಹತ್ತಿರ ಹಿಡಿದು ಅಮುಕಿ ನೋಡುವಳು. ಗಾಳಿಯ ಸದ್ದು ಕೇಳಿಸಿದರೆ ಬಿಚ್ಚಿ ಮತ್ತೆ ಮಾಡುವಳು. ನಾನು ಪಕ್ಕದಲ್ಲಿ ಕೂತು ಆ ಕೈಯನ್ನೇ ನೋಡುತ್ತಿದ್ದೆ. ಈಗ ನನ್ನ ಅಂಗಡಿಯಲ್ಲಿ ಕರೆಂಟಿನ ಮಿಶಿನು ಉಂಟು, ಬೆಚ್ಚಗಾಗಲು ಐದು ನಿಮಿಷ ಬೇಕು, ಆದರೂ ಒಮ್ಮೊಮ್ಮೆ ಗುಳ್ಳೆ ಏಳುತ್ತದೆ. ಅಬ್ಬಿಯ ಸೀಲಿಗೆ ಗುಳ್ಳೆ ಎದ್ದದ್ದು ನಾನು ಕಂಡಿಲ್ಲ.

ಮೀನಿಗೆ ಮಾಡಿದ್ದನ್ನೇ ಅವಳು ಮನೆಯ ಕಾಗದಗಳಿಗೂ ಮಾಡಿದಳು. ಮಳೆಗಾಲದಲ್ಲಿ ನಮ್ಮಲ್ಲಿ ಬೆಂಕಿಪೆಟ್ಟಿಗೆಯೂ ಬೆವರುತ್ತದೆ, ನಿಮಗೆ ಗೊತ್ತಿರುವುದೇ. ಹಾಗಾಗಿ ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆಯಿತೆಂದರೆ ಕಾಗದಗಳೆಲ್ಲ ಕ್ಯಾಂಡಲಿನ ಮುಂದೆ ಬರುತ್ತಿದ್ದವು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೂಡ ನಾಲ್ಕೂ ಬದಿ ಸೀಲಾಗಿ ಬಂಗುಡೆಯ ಪಕ್ಕದಲ್ಲೇ ಮಳೆಯ ಮೊದಲ ವಾರಗಳನ್ನು ಕಳೆಯಿತು. ಅದನ್ನು ಹಿಡಿದು ಕಾಲೇಜಿಗೆ ಸೇರಲು ಹೋದೆ. ಗುಮಾಸ್ತರ ಮೇಜಿನಡಿ ಮಲಗಿದ್ದ ಬೆಕ್ಕೊಂದು ಎದ್ದು ಬಂದು ನನ್ನ ಕಾಲಿಗೆ ಮೈಯುಜ್ಜತೊಡಗಿತು. ಅವರು ಕಾರ್ಡನ್ನು ಮೂಗಿನಿಂದ ದೂರ ಹಿಡಿದು, "ಎಂತ ಮಾರಾಯ, ಮಾರ್ಕ್ಸ್ ಕಾರ್ಡಿಗೆ ಒಗ್ಗರಣಿ ಹಾಕಿದ್ಯಾ?" ಎಂದರು. ಸಾಲಿನಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ಎರಡು ವರ್ಷ ನನ್ನ ಹೆಸರು ಬಂಗುಡೆಯಾಗಿಯೇ ಉಳಿಯಿತು. ಮಾರ್ಕ್ಸು ಹೇಳಿಕೊಳ್ಳುವಂತಿರಲಿಲ್ಲವಾದ್ದರಿಂದ ವಾಸನೆಯ ಕಡೆ ಗಮನ ಹೋದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಆ ಕಾಗದಗಳ ನಡುವೆ ಒಂದು ಫೋಟೋ ಇತ್ತು. ನಮ್ಮ ಅಪ್ಪಯ್ಯನದು.

ಅಪ್ಪಯ್ಯ ಬೊಂಬಾಯಿಯ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದವರು. ಕಾಮಾಲೆಯಾಗಿ ಅಲ್ಲೇ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನನಗೆ ಅವರ ನೆನಪು ಒಂದಿಷ್ಟೂ ಇಲ್ಲ. ದನಿ ಇಲ್ಲ, ನಡಿಗೆ ಇಲ್ಲ, ಎತ್ತಿಕೊಂಡದ್ದು ಇಲ್ಲ. ಇದ್ದದ್ದು ಆ ಕಪ್ಪು ಬಿಳುಪು ಫೋಟೋ ಒಂದೇ, ಬೇರೆ ಪ್ರತಿಯೂ ಇಲ್ಲ. ಪೆಟ್ಟಿಗೆಯ ತಳದಲ್ಲಿ ನನ್ನ ಕಣ್ಣಿಗೆ ಬೀಳದೆ ಇದ್ದ ಅದಕ್ಕೂ ಬೂಷ್ಟು ಹಿಡಿಯತೊಡಗಿದಾಗ ಅಬ್ಬಿ ಒಂದು ಮಳೆಗಾಲದ ಮಧ್ಯಾಹ್ನ, ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ, ಹಿಂದೆ ಕ್ಯಾಲೆಂಡರಿನ ರಟ್ಟು ಕೊಟ್ಟು ತೊಟ್ಟೆಗೆ ಹಾಕಿ ಸೀಲು ಮಾಡಿಬಿಟ್ಟಳು. ಆಮೇಲೆ ಅದನ್ನು ಯಾರೂ ಬಿಚ್ಚಲಿಲ್ಲ.

ಹೀಗೆ ನಾನು ಅಪ್ಪಯ್ಯನನ್ನು ಪ್ಲಾಸ್ಟಿಕ್ಕಿನ ಮೂಲಕ ನೋಡಿ ಬೆಳೆದೆ. ಕುರ್ಚಿಯ ಮೇಲೆ ಕೂತ ತೆಳ್ಳಗಿನ ಗಂಡಸು. ತುಂಬುತೋಳಿನ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಬಲಗೈ ಮೊಣಕಾಲಿನ ಮೇಲೆ. ಎಡಗೈ ಮಾತ್ರ ಕುರ್ಚಿಯಿಂದ ಬದಿಗೆ ಚಾಚಿಕೊಂಡು, ಮಣಿಕಟ್ಟಿಗೆ ಬರುವಾಗ ಫೋಟೋವೇ ಮುಗಿದುಹೋಗುತ್ತಿತ್ತು. ಅಂಗೈ ಎಲ್ಲಿ ಹೋಯಿತು ಎನ್ನುವುದು ನನ್ನ ಬಾಲ್ಯದ ದೊಡ್ಡ ಪ್ರಶ್ನೆ, ಅಬ್ಬಿಯಲ್ಲಿ ಕೇಳಲು ಧೈರ್ಯ ಸಾಲದ ಪ್ರಶ್ನೆ. ಶಾಲೆಯ ಗೆಳೆಯರಿಗೆ ನಾನು ಅದರಲ್ಲಿ ಬೊಂಬಾಯಿ ಹಲ್ವದ ಪೆಟ್ಟಿಗೆ ಉಂಟು ಎಂದು ಹೇಳಿದ್ದೆ. ಸ್ವಲ್ಪ ದೊಡ್ಡವನಾದ ಮೇಲೆ ಹಲ್ವ ಬಿಟ್ಟು ರೇಡಿಯೋ ಎಂದು ತಿದ್ದಿದೆ. ಇನ್ನೂ ಬುದ್ಧಿ ಬಂದ ಮೇಲೆ, ಫೋಟೋ ತೆಗೆದವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ತೀರ್ಮಾನಿಸಿ ಸುಮ್ಮನಾದೆ.

ಅಂಗಡಿ ಇಟ್ಟ ಹೊಸತರಲ್ಲಿ ಅದನ್ನು ಲ್ಯಾಮಿನೇಶನ್ ಮಾಡುತ್ತೇನೆಂದು ಹೊರಟಿದ್ದೆ. ಅಬ್ಬಿ ಫೋಟೋವನ್ನು ಕಿತ್ತುಕೊಂಡು ಸೆರಗಿನೊಳಗೆ ಇಟ್ಟಳು.

"ನಿನ್ನ ಮಿಶಿನಿನೊಳಗೆ ಅಪ್ಪಯ್ಯನ್ನ ಬೇಯ್ಸುದ್ ಬ್ಯಾಡ. ನಾನ್ ಮಾಡಿದ್ ಸೀಲ್ ಗಟ್ಟಿ ಇತ್ತ್."

ಗಟ್ಟಿಯೇ ಇತ್ತು. ಸಂಗತಿಯೆಂದರೆ, ಮಳೆಗಾಲದ ಆ ಮಧ್ಯಾಹ್ನದ ತೇವವನ್ನೂ ಅವಳು ಫೋಟೋದ ಜೊತೆಗೇ ಒಳಗಿಟ್ಟು ಸೀಲು ಮಾಡಿದ್ದಳು. ಮೀನಾದರೆ ನಾಲ್ಕು ಬಿಸಿಲು ಕಂಡು ಗರಿಗರಿಯಾದ ಮೇಲೆ ಒಳಗೆ ಹೋಗುತ್ತಿತ್ತು. ಅಪ್ಪಯ್ಯನನ್ನು ಬಿಸಿಲಿಗೆ ಇಡುವುದುಂಟೇ? ಹೊರಗಿನ ನೀರು ಒಳಗೆ ಹೋಗಲಿಲ್ಲ, ಒಳಗಿನದ್ದು ಹೊರಗೆ ಬರಲೂ ಇಲ್ಲ. ಅಷ್ಟು ಒಳ್ಳೆಯ ಸೀಲು ಅದು.

ಈ ಸಲ ಮಳೆ ಹಿಡಿದ ವಾರ ಅಬ್ಬಿಯೇ ಕರೆದಳು. "ಮಗಾ, ಅಪ್ಪಯ್ಯನ ಮುಖಕ್ಕೆ ಎಂತೋ ಆಯ್ತ್ ಕಾಣ್."

ನೋಡಿದೆ. ಹೆಗಲ ಹತ್ತಿರ ಒದ್ದೆ ಬಟ್ಟೆ ಮೈಗಂಟಿದಂತೆ ಪ್ಲಾಸ್ಟಿಕ್ಕು ಫೋಟೋಕ್ಕೆ ಅಂಟಿತ್ತು. ಆ ಕಲೆ ಕುತ್ತಿಗೆ ದಾಟಿ ಗಲ್ಲದ ತನಕ ಹತ್ತಿತ್ತು. ಇನ್ನೊಂದು ಮಳೆಗಾಲ ಕಳೆದರೆ ಕಣ್ಣಿಗೂ ಹೋಗುತ್ತದೆ. ಅಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ಊರಿನವರ ಕಾಗದವನ್ನೆಲ್ಲ ಸರಿ ಮಾಡಿಕೊಡುವವನಲ್ಲವೇ ನಾನು.

ಆ ಹಮ್ಮಿನಲ್ಲೇ ಫೋಟೋವನ್ನು ಅಂಗಡಿಗೆ ಒಯ್ದೆ. ಕತ್ತರಿಯಿಂದ ಮೇಲಿನ ಅಂಚು ಬಿಡಿಸಿ, ಎರಡು ಬೆರಳಿನಲ್ಲಿ ಪ್ಲಾಸ್ಟಿಕ್ ಹಿಡಿದು ಮೆಲ್ಲಗೆ ಎಳೆದೆ. ಸಣ್ಣಗೆ ಪರ್ ಎಂದಿತು. ಅಪ್ಪಯ್ಯನ ಹೆಗಲಿನ ಅಂಗಿ, ಹುಣಿಸೆಬೀಜದಷ್ಟು, ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು. ಕೆಳಗೆ ಬರಿ ಬಿಳಿ ಕಾಗದ. ನಾನು ಸಾವಿರಗಟ್ಟಲೆ ಕಾಗದ ಮುಟ್ಟಿದವನು, ನನ್ನ ತಂದೆಯದ್ದೊಂದನ್ನು ಹರಿದುಬಿಟ್ಟೆ. ಅಂಗಡಿಯನ್ನು ಅರ್ಧ ದಿನಕ್ಕೇ ಮುಚ್ಚಿ ಮನೆಗೆ ಬಂದೆ.

ಅಬ್ಬಿ ಬಡಿಸಿ ಕಾಯುತ್ತಿದ್ದಳು. "ಅಬ್ಬಿ, ನಾನ್ ಹರ್ದೆ," ಎಂದೆ.

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಮುಖ ಇತ್ತಾ?"

"ಇತ್ತ್."

"ಹಾಂಗಾರೆ ಅನ್ನ ಉಣ್ಣ್," ಎಂದು ಸಾರು ಬಡಿಸಿದಳು.

ಕುಂದಾಪುರದ ಒಳರಸ್ತೆಯಲ್ಲಿ ಶೀನಣ್ಣ ಎಂಬ ಹಿರಿಯರಿದ್ದಾರೆ. ಹಿಂದೆ ಸ್ಟುಡಿಯೋ ಇಟ್ಟುಕೊಂಡು, ಕತ್ತಲೆ ಕೋಣೆಯಲ್ಲಿ ತಾವೇ ಫೋಟೋ ತೊಳೆಯುತ್ತಿದ್ದವರು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಮರುದಿನ ಬೆಳಿಗ್ಗೆ ಅವರಲ್ಲಿಗೆ ಹೊರಟೆ. "ನಾನೂ ಬತ್ತೆ," ಎಂದು ಅಬ್ಬಿ ಕೊಡೆ ಹಿಡಿದು ನಿಂತಳು. ಬಸ್ಸಿನಲ್ಲಿ ಫೋಟೋವನ್ನು ನಾನು ಹಿಡಿದುಕೊಳ್ಳುತ್ತೇನೆಂದರೆ ಕೊಡಲಿಲ್ಲ. ತೊಟ್ಟೆಯೊಳಗೆ ತೊಟ್ಟೆ, ಅದರೊಳಗೆ ಮತ್ತೊಂದು ತೊಟ್ಟೆ, ಎಲ್ಲವನ್ನೂ ಮಡಿಲಲ್ಲಿಟ್ಟು ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ನನ್ನ ಅಂಗಡಿಯ ಗಿರಾಕಿಗಳ ಹಾಗೆಯೇ ಕಂಡಳು.

ಶೀನಣ್ಣ ಜಗಲಿಯ ಬೆಳಕಿಗೆ ಹಿಡಿದು, ದಪ್ಪ ಮಸೂರದಲ್ಲಿ ಬಹಳ ಹೊತ್ತು ನೋಡಿದರು. "ಇದ್ ನಾನ್ ತೆಗ್ದದ್ದಲ್ಲ. ಆದ್ರೆ ನಮ್ಮ ಕಾಲದ್ ಕಾಗ್ದವೇ," ಎಂದರು. ಬಿಳಿಯಾದ ಹೆಗಲನ್ನು ಮುಟ್ಟದೆ ತೋರಿಸಿ ಕೇಳಿದರು, "ಇದನ್ನ ಎಳ್ದದ್ದ್ ಯಾರ್?"

"ನಾನೇ, ಶೀನಣ್ಣ."

"ಇನ್ನ್ ಎಳಿಬೇಡ. ತಣ್ಣೀರಗೆ ಹಾಕ್ಕ್."

ಅಬ್ಬಿ ಕೂತಲ್ಲಿಂದ ಎದ್ದೇಬಿಟ್ಟಳು. "ಎಂತ? ನೀರಿಗಾ? ಇಷ್ಟ್ ವರ್ಷ ಒಂದ್ ಹನಿ ನೀರ್ ತಾಗ್ದಿದ್ದಾಂಗೆ ಇಟ್ಕಂಡ್ ಬಂದಿದ್ದೆ ನಾನ್. ಈಗ ನಾನೇ ನೀರಿಗ್ ಹಾಕ್ಕಾ?" ಅವಳ ದನಿ ಒಡೆಯಿತು. ಅಪ್ಪಯ್ಯನ ಸುದ್ದಿ ಬಂದ ಮೇಲೂ ಮೀನು ಹೊತ್ತು ಸಂತೆಗೆ ಹೋದವಳು, ಅಳುವುದನ್ನು ನಾನು ಕಂಡವನಲ್ಲ.

ಶೀನಣ್ಣನಿಗೆ ಅವಸರವಿರಲಿಲ್ಲ. "ಅಕ್ಕ, ನೀವ್ ಒಣ್‌ಮೀನನ್ನ ಹಾಂಗೇ ಸಾರಿಗೆ ಹಾಕ್ತ್ರ್ಯಾ?"

"ಇಲ್ಲೆ. ಮುಂಚೆ ನೀರಗೆ ನೆನೆ ಹಾಕ್ಕ್. ಒಣಗಿದ್ದ್ ಹಾಂಗೇ ಎಳ್ದ್ರೆ ಪುಡಿ ಆತ್ತ್."

"ಇದೂ ಹಾಂಗೇ. ಈ ಫೋಟೋ ಹುಟ್ಟಿದ್ದೇ ನೀರಗೆ, ಅಕ್ಕ. ಕತ್ತಲೆ ಕೋಣಿಯೊಳಗೆ, ತಟ್ಟೆ ನೀರಗೆ, ನಿಮ್ಮ ಯಜಮಾನ್ರ್ ಮುಖ ಮೂಡಿ ಬಂದದ್ದ್. ಮತ್ತೆ ತಾಸುಗಟ್ಲೆ ಬಾವಿ ನೀರಗೆ ತೊಳ್ದ್ ಒಣ್ಸುದ್ ನಾವ್. ಇದಕ್ಕೆ ನೀರ್ ಹೊಸತಲ್ಲ." ಫೋಟೋವನ್ನು ಅಬ್ಬಿಯ ಮುಂದಿಟ್ಟು ಹೇಳಿದರು, "ಆದ್ರೂ ಗ್ಯಾರಂಟಿ ಅಂದೇಳಿ ಹೇಳುದಿಲ್ಲೆ. ನೀವ್ ಹೂಂ ಅಂದ್ರೆ ಮಾತ್ರ."

ಅಬ್ಬಿ ಫೋಟೋವನ್ನು ನೋಡಿದಳು. ಶೀನಣ್ಣನನ್ನು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು. "ನಿಮ್ಮ ಬಾವಿ ನೀರ್ ಸೀಯಾ, ಉಪ್ಪಾ?"

ಕಡಲ ಬದಿಯವಳ ಪ್ರಶ್ನೆ. ಅವರು ಸೀ ಎಂದರೂ ನಂಬಲಿಲ್ಲ. ಕೊಡಪಾನದಿಂದ ಒಂದು ಬೊಗಸೆ ತೆಗೆದು ತಾನೇ ಕುಡಿದು ನೋಡಿದಳು. ಬಾಯಿ ಒರೆಸಿಕೊಂಡು, "ಹಾಕಿ," ಎಂದಳು.

ಬಿಳಿ ತಟ್ಟೆಯಲ್ಲಿ ನೀರು ತುಂಬಿಸಿ ಶೀನಣ್ಣ ಫೋಟೋವನ್ನು ಪ್ಲಾಸ್ಟಿಕ್ ಸಮೇತ ಮಲಗಿಸಿದರು. ಮೂವರೂ ಸುತ್ತ ಕೂತೆವು. ಮೊದಲಿಗೆ ಏನೂ ಆಗಲಿಲ್ಲ. ನಾನು ಬೆರಳು ಹಾಕಲು ಹೋದರೆ ಅವರು ಕೈಗೆ ಮೆಲ್ಲಗೆ ಹೊಡೆದರು. "ಅದಾಗಿಯೇ ಬರ್ಕ್." ನೀರು ಬದಲಿಸಿದರು. ಒಂದು ತಾಸು ಹೋಯಿತೋ ಏನೋ. ಪ್ಲಾಸ್ಟಿಕ್ಕಿನ ಮೂಲೆ ತಾನಾಗಿ ಎದ್ದಿತು. ಅದರಡಿ ನೀರು ನುಗ್ಗುವುದು ಕಂಡಿತು. ಹೆಗಲು ಬಿಟ್ಟಿತು, ಕುತ್ತಿಗೆ ಬಿಟ್ಟಿತು, ಗಲ್ಲದ ಹತ್ತಿರ ಬಂದು ನಿಂತಿತು. ಅಬ್ಬಿ ನನ್ನ ಮೊಣಕೈ ಹಿಡಿದಿದ್ದಳು, ಉಗುರು ಊರುವಷ್ಟು ಗಟ್ಟಿ. ಮತ್ತೆ, ಯಾರೂ ಮುಟ್ಟದೆ, ಅಷ್ಟು ವರ್ಷದ ಪ್ಲಾಸ್ಟಿಕ್ಕು ಅಪ್ಪಯ್ಯನ ಮುಖ ಬಿಟ್ಟು ಮೇಲೆ ತೇಲಿತು.

ಮುಖ ಪೂರ್ತಿ ಇತ್ತು. ಹುಬ್ಬಿನ ಒಂದೊಂದು ಕೂದಲೂ ಇತ್ತು. ಮೇಲ್ತುಟಿಯ ಮೇಲೆ ಮೀಸೆ ಬರುವ ಪ್ರಯತ್ನ ಇತ್ತು. ಪ್ಲಾಸ್ಟಿಕ್ಕಿನ ಮಂಜು ನನಗೆ ಇಷ್ಟು ಕಾಲ ತೋರಿಸಿದ್ದು ಒಬ್ಬ ಗಂಭೀರ ಹಿರಿಯರನ್ನು. ನೀರಿನಡಿಯಿಂದ ನೋಡುತ್ತಿದ್ದವನು ನಗು ತಡೆದುಕೊಂಡು ಕೂತ ಒಬ್ಬ ಹುಡುಗ, ಈಗಿನ ನನ್ನ ಅರ್ಧ ವಯಸ್ಸಿನವನು. ಇಂಥದ್ದನ್ನು ನಾನು ಕಂಡೇ ಇರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

"ತಡಿ, ಇನ್ನೂ ಇತ್ತ್," ಎಂದರು ಶೀನಣ್ಣ.

ಹಿಂದಿನ ರಟ್ಟು ನೆನೆದು ಕಳಚಿಕೊಂಡಿತ್ತು. ಫೋಟೋದ ಒಂದು ಬದಿ, ಎರಡು ಬೆರಳಗಲ, ಹಿಂದಕ್ಕೆ ಮಡಚಿಕೊಂಡಿತ್ತು. ಅದು ರಟ್ಟಿಗೂ ಫೋಟೋಕ್ಕೂ ನಡುವೆ ಇದ್ದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೀರಿನಲ್ಲಿ ಆ ಮಡಿಕೆ ಮೆತ್ತಗಾಗಿ, ನಮ್ಮ ಕಣ್ಣೆದುರಿಗೇ ನಿಧಾನವಾಗಿ ಬಿಚ್ಚಿಕೊಂಡಿತು. ಅಪ್ಪಯ್ಯನ ಎಡಗೈ ಮಣಿಕಟ್ಟು ದಾಟಿ ಮುಂದುವರಿಯಿತು. ಅಂಗೈ ಇತ್ತು. ಹಲ್ವ ಇರಲಿಲ್ಲ, ರೇಡಿಯೋ ಇರಲಿಲ್ಲ. ಅವರ ಹೆಬ್ಬೆರಳನ್ನು ಒಂದು ಪುಟ್ಟ ಮುಷ್ಟಿ ಬಿಗಿಯಾಗಿ ಹಿಡಿದಿತ್ತು. ಮುಷ್ಟಿಯ ಹಿಂದೆ ಒಂದಿಷ್ಟು ಬರಿಮೈ ತೋಳು, ಅಲ್ಲಿಗೆ ಫೋಟೋ ಮುಗಿದಿತ್ತು.

"ಅಬ್ಬಿ, ಇದ್ ಯಾರ್ ಕೈ?"

ಅಬ್ಬಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರ್ ಕೈ ಅಂದ್ರೆ? ನಿಂದೇ."

ಅವಳೇ ಮುಂದುವರಿಸಿದಳು. "ಬೊಂಬಾಯಿಗೆ ಹೋಪ್ ಮುಂಚೆ ಒಂದ್ ಫೋಟೋ ತೆಗ್ಸಿ ಹೋಯ್ನಿ ಅಂದೆ ನಾನ್. ಬಸ್ಸಿನಗೆ ನೀನ್ ಅಂಗಿ ತುಂಬ ಕಾರ್ಕಂಡೆ. ಬರಿಮೈ ಮಗು ಬ್ಯಾಡ, ಅವ್ರೊಬ್ರೇ ಕೂಕಣ್ಲಿ ಅಂದ್ರ್ ಫೋಟೋದವ್ರ್. ನಾನ್ ನಿನ್ನ ಸೊಂಟ ಹಿಡ್ದ್ ಎಳ್ದೆ. ನೀನ್ ಬೆರಳ್ ಬಿಡ್ಲೇ ಇಲ್ಲೆ. ಅವ್ರ್ ಮೂರ್ ಸಲ ಹೇಳ್ರ್, ಕೈ ಬಿಡ್ಸಿ, ಕೈ ಬಿಡ್ಸಿ ಅಂದೇಳಿ. ಕಡಿಗೆ ನಿನ್ನ ಅಪ್ಪಯ್ಯ, 'ಇರ್ಲಿ ಬಿಡಿ, ಹಿಡ್ಕಣ್ಲಿ' ಅಂದ್ರ್. ಹಾಂಗೇ ತೆಗ್ದ್ರ್."

ಇರ್ಲಿ ಬಿಡಿ, ಹಿಡ್ಕಣ್ಲಿ. ಐವತ್ತು ದಾಟಿದ ಮೇಲೆ ನಾನು ಕೇಳಿದ, ಅಪ್ಪಯ್ಯ ನನ್ನ ಬಗ್ಗೆ ಆಡಿದ ಮೊದಲ ಮಾತು.

"ಇಷ್ಟ್ ವರ್ಷ ನಂಗೆ ಎಂತಕೆ ಹೇಳ್ಲಿಲ್ಲೆ?" ಎಂದೆ. ಸಿಟ್ಟೋ ಅಳುವೋ, ನನಗೇ ಗೊತ್ತಾಗಲಿಲ್ಲ.

"ಎಂತ ಹೇಳುದ್? ಅಲ್ಲಿ ಇದ್ದದ್ದ್ ನೀನೇ ಅಲ್ದಾ?"

"ಮತ್ತೆ ಮಡಚ್ದ್ ಎಂತಕೆ?"

"ತೊಟ್ಟೆ ಸಣ್ಣದಾಯ್ತ್. ಮುಖದ್ ಬದಿ ಮಡಚುಕಾತ್ತಾ? ನೀನ್ ಹ್ಯಾಂಗೂ ಎದುರಿಗೇ ಇದ್ದೆ." ಹೇಳಿ ಮುಗಿಸಿದವಳು ತಟ್ಟೆಯೊಳಗಿನ ಮುಷ್ಟಿಯನ್ನೇ ನೋಡುತ್ತ ಕೂತಳು. ಅಲ್ಲಿ ಇದ್ದದ್ದು ನನಗೆ ನೆನಪೇ ಇಲ್ಲವೆಂದು ಅವಳಿಗೆ ಆಗ ಹೊಳೆದಿರಬೇಕು. ನನ್ನ ಮೊಣಕೈಯನ್ನು ಮತ್ತೆ ಹಿಡಿದುಕೊಂಡಳು, ಈ ಸಲ ಮೆತ್ತಗೆ. ಶೀನಣ್ಣ ಮಸೂರ ಒರೆಸುವ ನೆಪದಲ್ಲಿ ಒಳಗೆ ಹೋದರು.

ನಾನು ಯೋಚಿಸಿದೆ. ಚೌಕಟ್ಟಿನ ಹೊರಗೆ ನನ್ನ ಸೊಂಟ ಹಿಡಿದು ಎಳೆಯುತ್ತಿದ್ದ ಅಬ್ಬಿ, ಅಂಚಿನಲ್ಲಿ ಬಿಡದೆ ಹಿಡಿದ ನಾನು, ನಡುವೆ ನಗು ತಡೆದುಕೊಂಡ ಅಪ್ಪಯ್ಯ. ಆ ಮುಖದ ನಗು ಯಾವುದೆಂದು ಆಗ ತಿಳಿಯಿತು.

ಫೋಟೋ ಶೀನಣ್ಣನ ಮನೆಯಲ್ಲೇ ಬಟ್ಟೆಯ ಮೇಲೆ ಎರಡು ದಿನ ಒಣಗಿತು. ಹೆಗಲಿನ ಬಿಳಿ ಚುಕ್ಕಿ ಹಾಗೆಯೇ ಉಳಿದಿದೆ, ಅದು ನಾನು ಮಾಡಿದ್ದು. ಮನೆಗೆ ತಂದ ದಿನ ಅಂಗಡಿಯಿಂದ ದೊಡ್ಡ ಪ್ಲಾಸ್ಟಿಕ್ ಕವರೊಂದನ್ನು ಒಯ್ದಿದ್ದೆ, ಮೂರು ಬದಿ ಮುಚ್ಚಿ ಒಂದು ಬದಿ ತೆರೆದಿರುವಂಥದ್ದು. ಅಬ್ಬಿ ಅದನ್ನು ತಿರುಗಿಸಿ ನೋಡಿ, ಅಂಗಡಿಯ ಅಂಟು ನಂಬುವಂಥದ್ದಲ್ಲವೆಂದು ಕ್ಯಾಂಡಲು ಹಚ್ಚಿದಳು. ಗರಗಸದ ಬ್ಲೇಡು ಎಲ್ಲಿಂದಲೋ ಬಂತು. ಕೈ ಸ್ವಲ್ಪ ನಡುಗುತ್ತದೆ ಈಗ, ಆದರೂ ಮೂರು ಬದಿಗೂ ಒಂದೇ ಸಮನೆ ಎಳೆದಳು. ಫೋಟೋವನ್ನು ಮಡಚದೆ ಒಳಗೆ ಇಳಿಸಿದಳು. ನಾಲ್ಕನೆಯ ಬದಿ ಬಂದಾಗ ಬ್ಲೇಡು ಹಿಡಿದ ಕೈ ಜ್ವಾಲೆಯ ಹತ್ತಿರ ಹೋಗಿ ನಿಂತಿತು.

ಅಬ್ಬಿ ಬಗ್ಗಿ ಕ್ಯಾಂಡಲು ಊದಿದಳು.

"ಇದೊಂದ್ ಬದಿ ಹಾಂಗೇ ಇರ್ಲಿ, ಮಗಾ," ಎಂದಳು. "ಬೇಕಾರೆ ತೆಗ್ದ್ ಮುಟ್ಲಕ್ಕ್."